ಅಯುತ್ಥಯದ ಸಣ್ಣ ಹೋಟೆಲಿನಲ್ಲಿ ಊಟ: ಬಾಗಿಲಿನಿಂದ ಬಿಲ್ಲಿನವರೆಗೆ ಸಮಗ್ರ ಮಾರ್ಗದರ್ಶಿ

ಥಾಯ್ಲೆಂಡಿನ ಅಯುತ್ಥಯಕ್ಕೆ ಬರುವ ಹೆಚ್ಚಿನವರು ಬೆಳಿಗ್ಗೆ ಬ್ಯಾಂಕಾಕ್ ಬಿಟ್ಟು, ನಾಲ್ಕೈದು ಹಳೇ ದೇವಾಲಯ ನೋಡಿ, ಟೂರ್‌ನವರು ಕರೆದುಕೊಂಡು ಹೋದ ಎಸಿ ಹಾಲ್‌ನಲ್ಲಿ ಬಫೆ ತಿಂದು, ಸಂಜೆಗೆ ವಾಪಸ್ ಹೋಗುತ್ತಾರೆ. ದೇವಾಲಯಗಳ ಬಗ್ಗೆ ಎರಡು ಮಾತಿಲ್ಲ. ಆದರೆ ಊರಿನವರು ಊಟ ಮಾಡುವುದು ಆ ಹಾಲ್‌ನಲ್ಲಿ ಅಲ್ಲ. ತಗಡಿನ ಸೂರು, ಸ್ಟೀಲ್ ಟೇಬಲ್ಲು, ಪ್ಲಾಸ್ಟಿಕ್ ಸ್ಟೂಲು, ಮೂಲೆಯಲ್ಲಿ ಗೋಡೆ ಫ್ಯಾನು, ಮುಂದುಗಡೆ ಕುದಿಯುವ ದೊಡ್ಡ ಪಾತ್ರೆ ಇರುವ ಅಂಗಡಿಗಳಲ್ಲಿ. ಅಲ್ಲಿಗೆ ಹೋಗಲು ಥಾಯ್ ಭಾಷೆ ಬರಬೇಕಿಲ್ಲ. ಎಲ್ಲಿ ಕೂರಬೇಕು, ಏನು ತೋರಿಸಬೇಕು, ಟೇಬಲ್ ಮೇಲಿನ ನಾಲ್ಕು ಡಬ್ಬಿಗಳನ್ನು ಏನು ಮಾಡಬೇಕು ಅನ್ನುವುದು ಗೊತ್ತಿದ್ದರೆ ಸಾಕು.

ಸಸ್ಯಾಹಾರಿಗಳಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಊರಿನ ಹೆಸರಾಂತ ತಿಂಡಿಗಳಲ್ಲಿ ಬಹುತೇಕ ಎಲ್ಲದರಲ್ಲೂ ಮಾಂಸವೋ ಮೀನೋ ಇದ್ದೇ ಇರುತ್ತದೆ. ಹಾಗಂತ ಉಪವಾಸ ಬೀಳಬೇಕಿಲ್ಲ. ನಿಮಗೋಸ್ಕರ ಕೆಳಗೆ ಒಂದು ಭಾಗವೇ ಇದೆ. ಬೇಕಾದರೆ ನೇರ ಅಲ್ಲಿಗೇ ಹೋಗಿ.

ಊರಿನ ಲೆಕ್ಕಾಚಾರ

ಅಯುತ್ಥಯ ಬ್ಯಾಂಕಾಕ್‌ನಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್. 1350ರ ಹೊತ್ತಿಗೆ ಶುರುವಾದ ಈ ರಾಜಧಾನಿಯನ್ನು 1767ರಲ್ಲಿ ಬರ್ಮಾದ ಸೈನ್ಯ ಸುಟ್ಟು ಹಾಕಿತು. 1991ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಚಾವ್ ಪ್ರಯಾ, ಪಾ ಸಕ್, ಲೋಪ್‌ಬುರಿ ನದಿಗಳು ಸುತ್ತುವರಿದಿರುವುದರಿಂದ ಹಳೇ ಊರು ಒಂದು ದ್ವೀಪ. ಊಟಕ್ಕೂ ಇದಕ್ಕೂ ಸಂಬಂಧ ಇದೆ. ಇಲ್ಲಿ ಹಿಂದೆ ಓಡಾಟ, ವ್ಯಾಪಾರ ಎಲ್ಲ ನೀರಿನ ಮೇಲೆಯೇ. ಈ ಊರಿನ ಮುಖ್ಯ ತಿಂಡಿ ದೋಣಿಯಲ್ಲಿ ಹುಟ್ಟಿದ್ದೂ ಅದಕ್ಕೇ.

ಬ್ಯಾಂಕಾಕ್‌ನಿಂದ ರೈಲಿನಲ್ಲಿ ಬನ್ನಿ ಅನ್ನುತ್ತೇನೆ ನಾನು. ಮೂರನೇ ದರ್ಜೆಯ ಪ್ಯಾಸೆಂಜರ್ ಟಿಕೆಟ್ 20 ಬಾತ್ (ಥಾಯ್ ಹಣ) ಆಸುಪಾಸು. ಒಂದೂವರೆಯಿಂದ ಎರಡು ತಾಸಿನ ದಾರಿ. ಬೆಂಗಳೂರಿನಿಂದ ನೇರ ಡಾನ್ ಮುವಾಂಗ್ ವಿಮಾನ ನಿಲ್ದಾಣದಲ್ಲಿ ಇಳಿಯುವವರಿಗೆ ಇನ್ನೂ ಸುಲಭ. ಅದರ ಎದುರಿಗೇ ರೈಲು ನಿಲ್ದಾಣ ಇದೆ, ಬ್ಯಾಂಕಾಕ್ ಊರೊಳಗೆ ಹೋಗುವ ಅಗತ್ಯವೇ ಇಲ್ಲ. ಅಯುತ್ಥಯ ನಿಲ್ದಾಣ ಇರುವುದು ದ್ವೀಪದ ಹೊರಗೆ, ಪೂರ್ವ ದಡದಲ್ಲಿ. ಎದುರಿನ ರಸ್ತೆ ಹಿಡಿದು ನೇರ ನಡೆದರೆ ನದಿ. ಸಣ್ಣ ದೋಣಿಯಲ್ಲಿ ಕೆಲವು ಬಾತ್ ಕೊಟ್ಟು ದಾಟಿಬಿಡಬಹುದು. ಆಮೇಲೆ ಬಾಡಿಗೆ ಸೈಕಲ್. ಊರು ಚಪ್ಪಟೆ, ಏರು ಇಲ್ಲವೇ ಇಲ್ಲ. ಬಿಸಿಲು ತಡೆಯಲಾರದವರಿಗೆ ಇಲ್ಲಿನ ವಿಚಿತ್ರ ಗುಂಡು ಮೂತಿಯ ಟುಕ್‌ಟುಕ್‌ಗಳಿವೆ, ಹತ್ತುವ ಮೊದಲೇ ರೇಟ್ ಮಾತಾಡಿಕೊಳ್ಳಿ.

ಹೊತ್ತು ನೋಡಿ ಹೋಗಿ

ನೂಡಲ್ಸ್ ಅಂಗಡಿಗಳು ಸಾಮಾನ್ಯವಾಗಿ ಬೆಳಿಗ್ಗೆ ಎಂಟು ಒಂಬತ್ತಕ್ಕೆ ತೆರೆದು ಮಧ್ಯಾಹ್ನ ಮೂರು ನಾಲ್ಕಕ್ಕೆ ಮುಚ್ಚುತ್ತವೆ. ಪಾತ್ರೆಯ ಸಾರು ಮುಗಿದರೆ ಅದಕ್ಕೂ ಮೊದಲೇ ಬಾಗಿಲು ಹಾಕುತ್ತಾರೆ. ಹನ್ನೆರಡರಿಂದ ಒಂದು ಗಂಟೆವರೆಗೆ ಆಫೀಸಿನವರು, ಶಾಲೆಯವರು ನುಗ್ಗುತ್ತಾರೆ. ಆ ಹೊತ್ತಿನಲ್ಲಿ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡಲು ಯಾರಿಗೂ ಪುರುಸೊತ್ತಿಲ್ಲ. ಹನ್ನೊಂದು ಗಂಟೆ ಒಳ್ಳೆಯ ಹೊತ್ತು. ಬೆಳಿಗ್ಗೆ ತಂಪಿರುವಾಗ ವಾಟ್ ಮಹಾಥಾಟ್, ವಾಟ್ ರಾಚಬೂರಣ ದೇವಾಲಯಗಳನ್ನು ನೋಡಿ ಮುಗಿಸಿ. ಎರಡೂ ಅಕ್ಕಪಕ್ಕ. ಮರದ ಬೇರುಗಳ ನಡುವೆ ಸಿಕ್ಕಿಕೊಂಡ ಬುದ್ಧನ ತಲೆ ಇರುವುದು ಮಹಾಥಾಟ್‌ನಲ್ಲೇ. ಹೊರಗೆ ಬರುವಷ್ಟರಲ್ಲಿ ಹೊಟ್ಟೆ ತಾನೇ ಕರೆಯುತ್ತದೆ.

ಸಂಜೆಗಾದರೆ ಬಂಗ್ ಲಾನ್ ರಾತ್ರಿ ಸಂತೆ. ಐದು ಗಂಟೆ ಹೊತ್ತಿಗೆ ಗಾಡಿಗಳು ಬಂದು ನಿಲ್ಲುತ್ತವೆ. ಹಳೇ ಕಾಲದ ಸಂತೆ ನೋಡುವ ಆಸೆ ಇದ್ದರೆ ದ್ವೀಪದ ಈಶಾನ್ಯ ಮೂಲೆಯ ಹುವಾ ರೋ ಮಾರ್ಕೆಟ್. ತೇಲುವ ಮಾರ್ಕೆಟ್ ಅಂತ ಜಾಹೀರಾತು ಮಾಡುವ ಕಡೆ ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ.

ಅಂಗಡಿ ಆರಿಸುವುದು

ದೇವಾಲಯದ ಗೇಟಿನ ಎದುರಿಗೇ ನಿಂತು ಇಂಗ್ಲಿಷ್ ಮೆನು ಹಿಡಿದು ಕರೆಯುವವರನ್ನು ದಾಟಿ ಎರಡು ಗಲ್ಲಿ ಒಳಗೆ ಹೋಗಿ. ಬೋರ್ಡ್ ಓದಲು ಬರುವುದಿಲ್ಲ ಅನ್ನುವ ಚಿಂತೆ ಬೇಡ. ಅಂಗಡಿಯ ಮುಂದಿನ ಗಾಜಿನ ಪೆಟ್ಟಿಗೆಯೇ ಮೆನು. ಅದರಲ್ಲಿ ಕೋಳಿ ನೇತು ಹಾಕಿದ್ದರೆ ಕೋಳಿ ಅನ್ನ. ಬಾತುಕೋಳಿ ಇದ್ದರೆ ಬಾತುಕೋಳಿ. ಬಿಳೀ ನೂಡಲ್ಸ್ ಗುಪ್ಪೆ, ಮೊಳಕೆ ಕಾಳು, ಮಾಂಸದ ಉಂಡೆ, ಪಕ್ಕದಲ್ಲಿ ಆವಿ ಏಳುವ ಪಾತ್ರೆ ಇದ್ದರೆ ನೂಡಲ್ಸ್ ಅಂಗಡಿ. ಸ್ಟೀಲ್ ಟ್ರೇಗಳಲ್ಲಿ ಹತ್ತು ಹದಿನೈದು ಬಗೆಯ ಪಲ್ಯ, ಸಾರು ಸಾಲಾಗಿದ್ದರೆ ಅದು 'ಖಾವ್ ಕೇಂಗ್', ಅಂದರೆ ಅನ್ನದ ಮೇಲೆ ಬೇಕಾದ ಸಾರು ಹಾಕಿಸಿಕೊಳ್ಳುವ ಜಾಗ. ಬಾಣಲೆ, ಜೋರು ಉರಿ, ಸುತ್ತ ಹಸಿ ತರಕಾರಿ ಮೊಟ್ಟೆ ಕಂಡರೆ 'ಆಹಾನ್ ತಾಮ್ ಸಾಂಗ್', ಹೇಳಿದ್ದನ್ನು ಆಗಲೇ ಹುರಿದು ಕೊಡುವವರು.

ನನ್ನ ಲೆಕ್ಕದಲ್ಲಿ, ಒಂದೇ ತಿಂಡಿ ಮಾಡುವ ಅಂಗಡಿ ಮೇಲು. ಐವತ್ತು ಐಟಂ ಇರುವ ಮೆನು ಕಂಡರೆ ಮುಂದೆ ನಡೆಯಿರಿ. ಸ್ಕೂಲ್ ಯೂನಿಫಾರ್ಮ್ ಹಾಕಿದ ಮಕ್ಕಳು, ಬೈಕ್ ನಿಲ್ಲಿಸಿ ಪಾರ್ಸಲ್‌ಗೆ ಕಾಯುವವರು ಕಂಡರೆ ಒಳಗೆ ಹೋಗಿ. ಇಂಟರ್ನೆಟ್ಟಿನ ಸ್ಟಾರ್‌ಗಳಿಗಿಂತ ಈ ಲಕ್ಷಣ ವಾಸಿ.

ಒಳಗೆ ಹೋಗಿ ಕೂರುವುದು

ಯಾರೂ ಬಂದು ಕೂರಿಸುವುದಿಲ್ಲ. ಖಾಲಿ ಟೇಬಲ್ ಕಂಡಲ್ಲಿ ಕೂತುಬಿಡಿ. ಜನ ಜಾಸ್ತಿ ಇದ್ದರೆ ಬೇರೆಯವರ ಟೇಬಲ್‌ನಲ್ಲಿ ಜಾಗ ಹಂಚಿಕೊಳ್ಳಬಹುದು, ತಲೆ ಸ್ವಲ್ಪ ಬಗ್ಗಿಸಿ ನಕ್ಕರೆ ಸಾಕು. ಮೊದಲೇ ದುಡ್ಡು ಕೊಡುವ ಪದ್ಧತಿ ಇಲ್ಲ.

ಕರೆಯುವುದು ಹೇಗೆ? ನಿಮಗಿಂತ ದೊಡ್ಡವರಂತೆ ಕಂಡರೆ 'ಪೀ', ಅಂದರೆ ಅಕ್ಕ ಅಥವಾ ಅಣ್ಣ. ಚಿಕ್ಕವರಾದರೆ 'ನೋಂಗ್'. ತಲೆ ನೆರೆತ ಹೆಂಗಸಾದರೆ 'ಪಾ', ಗಂಡಸಾದರೆ 'ಲುಂಗ್'. ಅಕ್ಕಾ, ತಮ್ಮಾ, ಅಮ್ಮಾ ಅಂತ ಕರೆದು ರೂಢಿ ಇರುವ ನಮಗೆ ಇದು ಕಷ್ಟವೇ ಅಲ್ಲ. ವಾಕ್ಯದ ಕೊನೆಗೆ ಗಂಡಸರು 'ಖ್ರಪ್', ಹೆಂಗಸರು 'ಖಾ' ಸೇರಿಸಿ. ಇದೊಂದು ಸೇರಿಸಿದರೆ ಉಳಿದ ತಪ್ಪು ಉಚ್ಚಾರಣೆಯೆಲ್ಲ ಮಾಫ್. ಕೈ ಎತ್ತಿ ಕರೆಯುವಾಗ ಅಂಗೈ ಕೆಳಗಿರಲಿ. ಬೆರಳು ತೋರಿಸಿ, ಚಿಟಿಕೆ ಹೊಡೆದು ಕರೆಯಬೇಡಿ. ಬಡಿಸುವವರಿಗೆ ಕೈ ಮುಗಿಯುವ ಅಗತ್ಯವೂ ಇಲ್ಲ.

ನೀರು ಎಷ್ಟೋ ಕಡೆ ನೀವೇ ತಗೊಳ್ಳಬೇಕು. ಮೂಲೆಯಲ್ಲಿ ಐಸ್ ಡಬ್ಬಿ, ಲೋಟ, ಜಗ್ ಇಟ್ಟಿರುತ್ತಾರೆ. ಐಸ್ ಹಾಕಿಕೊಳ್ಳಬಹುದಾ ಅಂತ ನಮ್ಮವರು ತುಂಬಾ ಕೇಳುತ್ತಾರೆ. ನಡುವೆ ತೂತಿರುವ ಕೊಳವೆಯಾಕಾರದ ಐಸ್ ಕಾರ್ಖಾನೆಯಿಂದ ಬರುವುದು, ಅದು ಪರವಾಗಿಲ್ಲ. ಗಡ್ಡೆಯಿಂದ ಕುಟ್ಟಿ ಪುಡಿ ಮಾಡಿದ ಐಸ್ ಬಗ್ಗೆ ಅನುಮಾನ ಇದ್ದರೆ ಸೀಲ್ ಮಾಡಿದ ಬಾಟಲ್ ತಗೊಳ್ಳಿ.

ದೋಣಿ ನೂಡಲ್ಸ್ ಆರ್ಡರ್ ಮಾಡುವುದು

ಅಯುತ್ಥಯಕ್ಕೆ ಬಂದು ಮಾಂಸಾಹಾರಿಗಳು ಮೊದಲು ತಿನ್ನಬೇಕಾದದ್ದು 'ಕ್ವಯ್‌ತಿಯಾವ್ ರುವಾ', ದೋಣಿ ನೂಡಲ್ಸ್. ಕಾಲುವೆಗಳಲ್ಲಿ ಒಬ್ಬನೇ ಹುಟ್ಟು ಹಾಕುತ್ತಾ, ಒಬ್ಬನೇ ಬೇಯಿಸುತ್ತಾ, ದಡದಲ್ಲಿದ್ದವರಿಗೆ ಬಟ್ಟಲು ದಾಟಿಸುತ್ತಿದ್ದ ಕಾಲದ ತಿಂಡಿ. ದೊಡ್ಡ ಬಟ್ಟಲಾದರೆ ಸಾರು ಚೆಲ್ಲುತ್ತದೆ. ಅದಕ್ಕೇ ಬಟ್ಟಲು ಅಂಗೈಯಗಲ. ಈಗ ದೋಣಿ ಹೋಗಿ ಅಂಗಡಿ ಬಂದಿದೆ, ಬಟ್ಟಲು ಮಾತ್ರ ಹಲವು ಕಡೆ ಅಷ್ಟೇ ಇದೆ. ನಾಲ್ಕು ತುತ್ತಿಗೆ ಮುಗಿಯುತ್ತದೆ. ಬೆಲೆ ಸಾಮಾನ್ಯವಾಗಿ 15ರಿಂದ 25 ಬಾತ್. ಒಂದು ಬಾತ್ ಅಂದರೆ ಸುಮಾರು ಎರಡೂವರೆಯಿಂದ ಮೂರು ರೂಪಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ.

ಅಂಗಡಿಯವರು ನಿಮ್ಮನ್ನು ಎರಡು ಪ್ರಶ್ನೆ ಕೇಳುತ್ತಾರೆ. ಯಾವ ನೂಡಲ್ಸ್? ಯಾವ ಮಾಂಸ? ಕೆಲವು ಕಡೆ ಇವನ್ನೇ ಚೀಟಿಯಲ್ಲಿ ಅಚ್ಚು ಹಾಕಿ ಪೆನ್ನು ಕೊಡುತ್ತಾರೆ. ಚೀಟಿ ಥಾಯ್ ಭಾಷೆಯಲ್ಲಿದ್ದರೆ ಫೋನಿನ ಅನುವಾದ ಆ್ಯಪ್ ತೆಗೆದು ಕ್ಯಾಮೆರಾ ಹಿಡಿಯಿರಿ.

ನೂಡಲ್ಸ್‌ನಲ್ಲಿ 'ಸೆನ್ ಲೆಕ್' ಅಂದರೆ ಸಣ್ಣ ಪಟ್ಟಿಯ ಅಕ್ಕಿ ನೂಡಲ್ಸ್. ಮೊದಲ ಸಲಕ್ಕೆ ಇದೇ ಸರಿ. 'ಸೆನ್ ಯಾಯ್' ಅಗಲ ಪಟ್ಟಿ. 'ಸೆನ್ ಮೀ' ಶಾವಿಗೆಯಷ್ಟು ಸಣ್ಣ. 'ಬಾ ಮೀ' ಮೊಟ್ಟೆ ಹಾಕಿದ ಗೋಧಿ ನೂಡಲ್ಸ್, ಹಳದಿ ಬಣ್ಣ. 'ವುನ್ ಸೆನ್' ಹೆಸರುಕಾಳಿನ ಪಿಷ್ಟದ್ದು, ಗಾಜಿನ ಹಾಗೆ ಪಾರದರ್ಶಕ.

ಮಾಂಸದಲ್ಲಿ 'ಮೂ' ಅಂದರೆ ಹಂದಿ, 'ನುವಾ' ಅಂದರೆ ದನದ ಮಾಂಸ. ದನದ ಮಾಂಸ ತಿನ್ನದವರು ಮೊದಲೇ 'ಮಾಯ್ ಕಿನ್ ನುವಾ' ಅನ್ನಿ. 'ತಿನ್ನುವುದಿಲ್ಲ' ಅಂತ. ಹಂದಿ ತಿನ್ನದವರು 'ಮಾಯ್ ಕಿನ್ ಮೂ'. ಹಂದಿಯನ್ನೇ ಅಡುಗೆಮನೆಗೆ ಸೇರಿಸದ ಕಡೆ ಬೇಕಿದ್ದರೆ ಹಲಾಲ್ ಗುರುತಿನ ಮುಸ್ಲಿಂ ಹೋಟೆಲುಗಳೂ ಈ ಊರಿನಲ್ಲಿ ಸಾಕಷ್ಟಿವೆ.

ಇನ್ನೊಂದು ವಿಷಯ ಯಾರೂ ತಾವಾಗಿ ಹೇಳುವುದಿಲ್ಲ. ಆ ಸಾರಿನ ಕಡು ಕಂದು ಬಣ್ಣ ಬರೀ ಸೋಯಾ ಸಾಸ್, ಚಕ್ಕೆ, ಚಕ್ರಮೊಗ್ಗಿನದಲ್ಲ. ಅದಕ್ಕೆ ಹಂದಿ ಅಥವಾ ದನದ ರಕ್ತ ಬೆರೆಸುತ್ತಾರೆ. ಹಾಗೆ ಬೆರೆಸಿದ್ದಕ್ಕೆ 'ನಾಮ್ ತೋಕ್' ಅನ್ನುತ್ತಾರೆ. ಬೇಡದಿದ್ದರೆ 'ಮಾಯ್ ಸಾಯ್ ಲುವಾತ್'. ಬಟ್ಟಲಿಗೆ ಕೊನೆಯಲ್ಲಿ ರಕ್ತ ಹಾಕುವ ಕಡೆ ಇದು ನಡೆಯುತ್ತದೆ. ಪಾತ್ರೆಗೇ ಬೆರೆಸಿಟ್ಟಿದ್ದರೆ ತಲೆ ಅಲ್ಲಾಡಿಸುತ್ತಾರೆ. ಆಗ ಸಾರಿಲ್ಲದ 'ಹೇಂಗ್', ಅಂದರೆ ಡ್ರೈ, ಕೇಳಿ ನೋಡಿ. ಅದಕ್ಕೂ ಆ ರಕ್ತದ ಸಾರನ್ನು ಒಂದು ಸೌಟು ಹಾಕುವವರಿದ್ದಾರೆ, ಪೆಟ್ಟಿಗೆ ಮುಂದೆ ನಿಂತೇ ಹೇಳುವುದು ಒಳ್ಳೆಯದು.

ಒಬ್ಬರಿಗೆ ಎರಡೆರಡು ಬಟ್ಟಲಿನ ಲೆಕ್ಕದಲ್ಲಿ ಶುರು ಮಾಡಿ. ಒಂದೇ ಸಲ ಆರು ಹೇಳಿದರೆ ಕೊನೆಯವು ಆರಿ ಮುದ್ದೆಯಾಗುತ್ತವೆ. ಖಾಲಿ ಬಟ್ಟಲನ್ನು ಒಂದರ ಮೇಲೊಂದು ಪೇರಿಸಿಡಿ, ಕೊನೆಗೆ ಎಣಿಸುವುದು ಅವನ್ನೇ.

ದೊಡ್ಡ ಬಟ್ಟಲಿನ ಮಾಮೂಲಿ ಅಂಗಡಿಯಲ್ಲಿ ಬೋರ್ಡಿನ ಮೇಲೆ ಒಂದೇ ತಿಂಡಿಗೆ ಎರಡು ಬೆಲೆ ಕಾಣುತ್ತದೆ, 50 ಮತ್ತು 60 ಅಂತ. ಮೊದಲನೆಯದು ಸಾಧಾರಣ ಅಳತೆ, 'ಥಮ್ಮದಾ'. ಎರಡನೆಯದು 'ಪಿಸೇತ್', ಸ್ವಲ್ಪ ಜಾಸ್ತಿ. ನಿಮಗೆ ಮೋಸ ಮಾಡಲು ಎರಡು ರೇಟ್ ಇಟ್ಟಿದ್ದಲ್ಲ.

ನಾಲ್ಕು ಡಬ್ಬಿಗಳ ಕೆಲಸ

ಇಡೀ ಊಟದಲ್ಲಿ ಇದೇ ಮುಖ್ಯ. ಇಲ್ಲಿನ ನೂಡಲ್ಸ್ ಅಡುಗೆಯವರ ಕೈಯಲ್ಲಿ ಮುಗಿಯುವುದಿಲ್ಲ, ನಿಮ್ಮ ಟೇಬಲ್ ಮೇಲೆ ಮುಗಿಯುತ್ತದೆ. ಬಂದದ್ದನ್ನು ಹಾಗೇ ತಿಂದು 'ಸಪ್ಪೆ' ಅನ್ನುವವರು ಅರ್ಧ ಅಡುಗೆ ತಿಂದು ಎದ್ದಂತೆ.

ಸ್ಟೀಲ್ ಹಿಡಿಕೆಯ ಸ್ಟ್ಯಾಂಡ್‌ನಲ್ಲಿ ನಾಲ್ಕು ಡಬ್ಬಿ ಇರುತ್ತವೆ. ಒಂದರಲ್ಲಿ ಒಣಮೆಣಸಿನ ಪುಡಿ, ಬೀಜ ಸಮೇತ ಹುರಿದು ಕುಟ್ಟಿದ್ದು. ಒಂದರಲ್ಲಿ ವಿನೆಗರ್, ಅದರಲ್ಲಿ ದುಂಡಗೆ ಹೆಚ್ಚಿದ ಹಸಿಮೆಣಸು. ಒಂದರಲ್ಲಿ ಮೀನಿನ ಸಾಸ್, 'ನಾಮ್ ಪ್ಲಾ', ಇದು ಉಪ್ಪಿನ ಬದಲು. ಕೊನೆಯದು ಸಕ್ಕರೆ. ಹೌದು, ನೂಡಲ್ಸ್‌ಗೆ ಸಕ್ಕರೆ. ಮುಖ ಸಿಂಡರಿಸಬೇಡಿ, ಹುಳಿ ಖಾರದ ಸಾರಿಗೆ ನಮ್ಮವರು ಬೆಲ್ಲ ಹಾಕುವುದಿಲ್ಲವಾ?

ಮೊದಲು ಸಾರನ್ನು ಹಾಗೇ ಒಂದು ಚಮಚ ಕುಡಿಯಿರಿ. ಏನಿದೆ, ಏನಿಲ್ಲ ನೋಡಿ. ಆಮೇಲೆ ವಿನೆಗರ್, ಅರ್ಧ ಚಮಚ. ಹುಳಿ ಬಿದ್ದ ಕೂಡಲೇ ಸಾರು ಬದಲಾಗಿಬಿಡುತ್ತದೆ. ಉಪ್ಪು ಸಾಲದಿದ್ದರೆ ಮೀನಿನ ಸಾಸ್ ಕೆಲವೇ ಹನಿ. ಖಾರದ ಪುಡಿ ಚಿಟಿಕೆಯಷ್ಟು ಮಾತ್ರ. ಬ್ಯಾಡಗಿ ಅಂದುಕೊಂಡು ಚಮಚಗಟ್ಟಲೆ ಸುರಿದರೆ ಕಣ್ಣಲ್ಲಿ ನೀರು. ಬಣ್ಣ ಕಡಿಮೆ, ಉರಿ ಜಾಸ್ತಿ. ಕೊನೆಗೆ ಸಕ್ಕರೆ, ಕಾಲು ಚಮಚ, ಎಲ್ಲವನ್ನೂ ಒಂದು ಮಾಡಲು. ತಳದಿಂದ ಕಲಸಿ ಮತ್ತೆ ರುಚಿ ನೋಡಿ. ಪುಟ್ಟ ಬಟ್ಟಲಿನ ಲಾಭ ಇಲ್ಲಿದೆ. ಮೊದಲನೆಯದರಲ್ಲಿ ಹದ ತಪ್ಪಿದರೆ ಎರಡನೆಯದರಲ್ಲಿ ಸರಿ ಮಾಡಬಹುದು.

ಟೇಬಲ್ ಮೇಲೆ ಬುಟ್ಟಿಯಲ್ಲಿ ಥಾಯ್ ತುಳಸಿ, ಹಸಿ ಮೊಳಕೆ ಕಾಳು ಇಟ್ಟಿದ್ದರೆ ಎಲೆಗಳನ್ನು ಕೈಯಲ್ಲೇ ಕಿತ್ತು ಬಿಸಿ ಸಾರಿಗೆ ಹಾಕಿ. ಸೋಂಪಿನ ವಾಸನೆ ಏಳುತ್ತದೆ. ಕವರ್‌ನಲ್ಲಿ ಕಟ್ಟಿಟ್ಟ ಗರಿಗರಿ ಹಂದಿ ಚರ್ಮಕ್ಕೆ ಮಾತ್ರ ಬೇರೆ ದುಡ್ಡು, ಕವರ್ ಒಡೆದರೆ ಕೊಂಡ ಲೆಕ್ಕ.

ಮೆಣಸಿನಕಾಯಿ ಬಗ್ಗೆ ಒಂದು ಮಾತು. ಪೋರ್ಚುಗೀಸರು ಅಯುತ್ಥಯಕ್ಕೆ ಬಂದದ್ದು 1511ರಲ್ಲಿ, ಗೋವಾ ಹಿಡಿದ ಮರುವರ್ಷ. ಅಮೆರಿಕದ ಈ ಕಾಯಿ ನಮ್ಮ ಸಾರಿಗೂ ಇವರ ಸಾರಿಗೂ ಬಂದದ್ದು ಅದೇ ಜನರ ಹಡಗು ದಾರಿಯಲ್ಲಿ.

ನೂಡಲ್ಸ್ ಚಾಪ್‌ಸ್ಟಿಕ್‌ನಲ್ಲಿ, ಸಾರು ಚಮಚದಲ್ಲಿ. ಕಡ್ಡಿ ಹಿಡಿಯಲು ಬರದಿದ್ದರೆ ಫೋರ್ಕ್ ಕೇಳಿ, ಯಾರೂ ನಗುವುದಿಲ್ಲ. ಅನ್ನದ ಊಟಕ್ಕೆ ಚಾಪ್‌ಸ್ಟಿಕ್ ಇಲ್ಲ. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್. ಫೋರ್ಕ್‌ನಿಂದ ಚಮಚಕ್ಕೆ ತಳ್ಳಿಕೊಂಡು ಚಮಚವನ್ನು ಬಾಯಿಗೆ ಹಾಕಬೇಕು. ಅನ್ನ ಕಲಸಿ ಕೈಯಲ್ಲಿ ತಿನ್ನುವ ರೂಢಿ ಈ ಅಂಗಡಿಗಳಲ್ಲಿ ಇಲ್ಲ. ಅಂಟು ಅನ್ನಕ್ಕೆ ಮಾತ್ರ ಕೈ.

ಸಸ್ಯಾಹಾರಿಗಳಿಗೆ

'ಮಾಂಸ ಬೇಡ' ಅಂದರೆ ಸಾಲದು. ಮಾಂಸದ ತುಂಡು ತೆಗೆದು, ಅದೇ ಎಲುಬಿನ ಸಾರು ಹಾಕಿ, ಮೇಲೆ ಮೀನಿನ ಸಾಸ್ ಬಿಟ್ಟು ಕೊಡುತ್ತಾರೆ. ಅವರ ಪ್ರಕಾರ ಅದರಲ್ಲಿ ಮಾಂಸ ಇಲ್ಲ. ಹಾಗಾಗಿ ಕೇಳಬೇಕಾದ ಪದ 'ಜೇ'. ಚೀನೀ ಬೌದ್ಧ ಪದ್ಧತಿಯಿಂದ ಬಂದ ಇದರಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಳಸದವರಿಗೆ ಇದಕ್ಕಿಂತ ಒಳ್ಳೆಯದು ಬೇಕಾ? ಜೈನರು ಮಾತ್ರ ಗೆಡ್ಡೆ ಗೆಣಸಿನ ಬಗ್ಗೆ ಬೇರೆಯಾಗಿ ಕೇಳಬೇಕು.

ಜೇ ಅಂಗಡಿಯ ಗುರುತು ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ. ಆ ಅಕ್ಷರ ನೋಡಲು 17ರ ಹಾಗಿರುತ್ತದೆ. ದೂರದಿಂದಲೇ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆ ಒಂಬತ್ತು ದಿನ ಜೇ ಹಬ್ಬ ಬರುತ್ತದೆ, ಸಾಮಾನ್ಯವಾಗಿ ನಮ್ಮ ನವರಾತ್ರಿಯ ಹೊತ್ತಿಗೇ. ಆಗ ಮಾಮೂಲಿ ಅಂಗಡಿಗಳೂ ಹಳದಿ ಬಾವುಟ ಕಟ್ಟಿ ಜೇ ಅಡುಗೆ ಮಾಡುತ್ತವೆ. ದಸರಾ ರಜೆಗೆ ಹೋಗುವ ಸಸ್ಯಾಹಾರಿಗಳು ಅದೃಷ್ಟವಂತರು.

ಜೇ ಅಂಗಡಿ ಸಿಗದಿದ್ದರೆ ಬಾಣಲೆಯ 'ತಾಮ್ ಸಾಂಗ್' ಅಂಗಡಿಗೆ ಹೋಗಿ. ಅಲ್ಲಿ ಎಲ್ಲ ಕಣ್ಣೆದುರಿಗೇ ಆಗುತ್ತದೆ. ಪೆಟ್ಟಿಗೆಯ ತರಕಾರಿ ತೋರಿಸಿ, 'ಕಿನ್ ಜೇ' ಅನ್ನಿ. ಆಮೇಲೆ ಒಂದೊಂದಾಗಿ: 'ಮಾಯ್ ಸಾಯ್ ನಾಮ್ ಪ್ಲಾ', ಮೀನಿನ ಸಾಸ್ ಬೇಡ. 'ಮಾಯ್ ಸಾಯ್ ನಾಮ್ ಮನ್ ಹೋಯ್', ಆಯ್‌ಸ್ಟರ್ ಸಾಸ್ ಬೇಡ. 'ಮಾಯ್ ಸಾಯ್ ಕುಂಗ್ ಹೇಂಗ್', ಒಣ ಸಿಗಡಿ ಬೇಡ. ಇಷ್ಟನ್ನೂ ಥಾಯ್ ಲಿಪಿಯಲ್ಲಿ ಫೋನಿನಲ್ಲಿ ಬರೆದಿಟ್ಟುಕೊಂಡು ತೋರಿಸುವುದು ಇನ್ನೂ ಭದ್ರ. ಉರಿಯ ಮುಂದೆ ನಿಂತವರಿಗೆ ನಮ್ಮ ಉಚ್ಚಾರಣೆ ಕೇಳಿಸುವುದೇ ಕಷ್ಟ. ಬಾಣಲೆ ಬೇರೆ ಇರಬೇಕು ಅನ್ನುವವರಿಗೆ ಮಾತ್ರ ಇದು ಒಗ್ಗುವುದಿಲ್ಲ. ಅವರು ಜೇ ಅಂಗಡಿಯನ್ನೇ ಹುಡುಕಬೇಕು.

ಮೊಟ್ಟೆ ತಿನ್ನುವವರು ಹುಷಾರು. ಮೊಟ್ಟೆ 'ಖಾಯ್', ಕೋಳಿ 'ಕಾಯ್'. ಮಹಾಪ್ರಾಣ ಬಿಟ್ಟು ಮಾತಾಡುವ ನಮ್ಮ ಅಭ್ಯಾಸ ಇಲ್ಲಿ ನೇರ ತಟ್ಟೆಗೆ ಬಂದು ಬೀಳುತ್ತದೆ. ಮೊಟ್ಟೆಯನ್ನು ಬೆರಳಿನಿಂದ ತೋರಿಸಿಬಿಡಿ.

ನಾಲ್ಕು ಡಬ್ಬಿಗಳಲ್ಲೂ ಒಂದು ಸಮಸ್ಯೆ ಇದೆ. ಜನ ಮೀನಿನ ಸಾಸ್‌ನ ಚಮಚವನ್ನೇ ಸಕ್ಕರೆಗೂ ಹಾಕುತ್ತಾರೆ. ಸಕ್ಕರೆಯಲ್ಲಿ ಕಂದು ಗಂಟು ಕಂಡರೆ ಕಾರಣ ಅದೇ.

ಸಿಗಡಿಯ ಬೆಲೆ

ಅಯುತ್ಥಯದ ಇನ್ನೊಂದು ಹೆಸರಾಂತ ತಿಂಡಿ ನದಿಯ ದೊಡ್ಡ ಸಿಗಡಿ, 'ಕುಂಗ್ ಮೇ ನಾಮ್'. ಉದ್ದಕ್ಕೆ ಸೀಳಿ ಕೆಂಡದ ಮೇಲೆ ಸುಡುತ್ತಾರೆ. ತಲೆಯ ಕಿತ್ತಳೆ ಬಣ್ಣದ ಕೊಬ್ಬನ್ನು ಅನ್ನಕ್ಕೆ ಕಲಸಿಕೊಂಡು ತಿನ್ನುವುದು ಇಲ್ಲಿಯವರ ರೂಢಿ. ರುಚಿಗೆ ಸಾಟಿ ಇಲ್ಲ, ಆದರೆ ಬೆಲೆ ಕಿಲೋ ಲೆಕ್ಕ. ಗಾತ್ರ ಹೆಚ್ಚಿದಷ್ಟೂ ರೇಟ್ ಏರುತ್ತದೆ, ಎರಡು ಸಿಗಡಿಗೇ ನೂರಾರು ಬಾತ್ ಆಗಿಬಿಡಬಹುದು. ತೂಕ ಹಾಕಿಸಿ, 'ಥಾವ್ ರಾಯ್' ಅಂತ ಬೆಲೆ ಕೇಳಿ, ಕ್ಯಾಲ್ಕುಲೇಟರ್‌ನಲ್ಲಿ ಅಂಕಿ ನೋಡಿದ ಮೇಲೆಯೇ ಹೂಂ ಅನ್ನಿ.

ದುಡ್ಡು ಕೊಡುವುದು

'ಕೆಪ್ ತಾಂಗ್' ಅಂದರೆ ಲೆಕ್ಕ ಮಾಡಿ ಅಂತ. ಗೋಡೆ ಮೇಲಿನ ಕ್ಯೂಆರ್ ಕೋಡ್ ಥಾಯ್ ಬ್ಯಾಂಕ್ ಖಾತೆ ಇರುವವರಿಗೆ ಅಂತ ಅಂದುಕೊಂಡು ನಗದು ಇಟ್ಟುಕೊಳ್ಳಿ. 20, 50, 100ರ ನೋಟುಗಳು ಬೇಕು. ಎಟಿಎಂ ಹೆಚ್ಚಾಗಿ 1000ದ ನೋಟೇ ಉಗುಳುತ್ತದೆ, ವಿದೇಶಿ ಕಾರ್ಡಿಗೆ ಪ್ರತಿ ಸಲ 200 ಬಾತ್‌ಗೂ ಮೇಲೆ ಶುಲ್ಕ ಬೇರೆ. ದೊಡ್ಡ ನೋಟನ್ನು ಸೆವೆನ್ ಇಲೆವೆನ್ ಅಂಗಡಿಯಲ್ಲಿ ನೀರು ಕೊಂಡು ಒಡೆಸಿ. ಟಿಪ್ಸ್ ಕಡ್ಡಾಯ ಅಲ್ಲ. ನೋಟು ಕೆಳಗೆ ಬಿದ್ದರೆ ಹಾರಿ ಹೋಗದಿರಲಿ ಅಂತ ಕಾಲಿಂದ ಒತ್ತಬೇಡಿ. ಎಲ್ಲ ನೋಟಿನ ಮೇಲೂ ರಾಜರ ಚಿತ್ರ ಇದೆ, ಅದು ಅಲ್ಲಿ ದೊಡ್ಡ ತಪ್ಪು.

ಏಳುವಾಗ 'ಅರೋಯ್' ಅನ್ನಿ. ಚೆನ್ನಾಗಿತ್ತು ಅಂತ.

ಕೊನೆಗೆ ಸಿಹಿ

ಸಿಹಿಗೆ ಬೇರೆ ಕಡೆ ಹೋಗಬೇಕು. ದ್ವೀಪದ ನೈಋತ್ಯದಲ್ಲಿ, ಉ ಥೋಂಗ್ ರಸ್ತೆಯ ಆಸ್ಪತ್ರೆ ಎದುರಿಗೆ 'ರೋಟಿ ಸಾಯ್ ಮಾಯ್' ಅಂಗಡಿಗಳ ಸಾಲೇ ಇದೆ. ಇಲ್ಲಿನ ಮುಸ್ಲಿಂ ಕುಟುಂಬಗಳ ಕಸುಬು. ಮಾಡುವುದನ್ನು ನಿಂತು ನೋಡಿ. ನೀರಾಗಿ ಜೋಲುವ ಹಿಟ್ಟಿನ ಮುದ್ದೆಯನ್ನು ಕೈಯಲ್ಲಿ ಕುಣಿಸುತ್ತಾ ಕಾದ ಹೆಂಚಿಗೆ ಒಮ್ಮೆ ಒರೆಸಿ ಎತ್ತಿಬಿಡುತ್ತಾರೆ. ಹೆಂಚಿನ ಮೇಲೆ ಉಳಿದ ತೆಳು ಪೊರೆ ಕ್ಷಣದಲ್ಲಿ ಬೆಂದು ಅಂಚು ಬಿಡುತ್ತದೆ. ಅದೇ ರೋಟಿ. ಒಳಗೆ ತುಂಬುವ ಸಕ್ಕರೆ ಎಳೆ ನಮ್ಮ ಸೋನ್ ಪಾಪ್ಡಿಯ ಹಾಗೆ. ಗಟ್ಟಿ ಪಾಕದ ಬಳೆಯನ್ನು ಹುರಿದ ಹಿಟ್ಟಿನಲ್ಲಿ ಹೊರಳಿಸಿ, ಎಳೆದು, ಮಡಚಿ, ಮತ್ತೆ ಎಳೆದು, ಕೂದಲಿನಷ್ಟು ಸಣ್ಣ ಮಾಡುತ್ತಾರೆ. ಹಸಿರು, ಗುಲಾಬಿ, ಹಳದಿ ಬಣ್ಣಗಳು.

ರೋಟಿ ಬೇರೆ, ಎಳೆ ಬೇರೆ ಕವರ್‌ನಲ್ಲಿ ಕಟ್ಟಿ ಕೊಡುತ್ತಾರೆ. ಒಂದು ರೋಟಿ ಅಂಗೈಯಲ್ಲಿ ಹರವಿ, ಎಳೆಯನ್ನು ಚಿಟಿಕೆಯಷ್ಟೇ ಇಟ್ಟು, ಸುತ್ತಿ ತಿನ್ನಿ. ಜಾಸ್ತಿ ತುಂಬಿದರೆ ಬರೀ ಸಕ್ಕರೆ ತಿಂದಂತಾಗುತ್ತದೆ. ಮೊಟ್ಟೆ ತಿನ್ನದವರು ರೋಟಿಯ ಹಿಟ್ಟಿನ ಬಗ್ಗೆ ಕೇಳಿಕೊಳ್ಳಿ, ಕೆಲವರು ಹಾಕುತ್ತಾರೆ.

ಸಂತೆಯಲ್ಲಿ ಚಿನ್ನದ ಬಣ್ಣದ ಹನಿಗಳು, ಎಳೆಗಳು ಕಂಡರೆ ಅವು ಮೊಟ್ಟೆಯ ಹಳದಿಯಿಂದಲೇ ಆದದ್ದು. 17ನೇ ಶತಮಾನದ ಅಯುತ್ಥಯದಲ್ಲಿ ಅರಮನೆಯ ಅಡುಗೆಮನೆ ನೋಡಿಕೊಳ್ಳುತ್ತಿದ್ದ, ಜಪಾನಿ ಪೋರ್ಚುಗೀಸ್ ಮೂಲದ ಮರಿಯಾ ಗ್ಯೋಮಾರ್ ಈ ಪೋರ್ಚುಗೀಸ್ ಸಿಹಿಗಳನ್ನು ಇಲ್ಲಿಗೆ ತಂದಳು ಅಂತ ಹೇಳುತ್ತಾರೆ.

ರೋಟಿ ಸಾಯ್ ಮಾಯ್ ಊರಿಗೆ ತರುವ ಆಸೆ ಇದ್ದರೆ ವಿಮಾನದ ದಿನವೇ ಕೊಳ್ಳಿ. ರೋಟಿ ಒಂದೆರಡು ದಿನದಲ್ಲಿ ಒಣಗಿ ಬಿರಿಯುತ್ತದೆ. ಎಳೆಗೆ ಗಾಳಿಯ ತೇವ ತಾಗಿದರೆ ಮತ್ತೆ ಗಟ್ಟಿ ಪಾಕವೇ ಆಗುತ್ತದೆ. ತಿನ್ನುವವರೆಗೂ ಕವರ್ ಬಿಚ್ಚಬೇಡಿ.